ಜುಬೈದಾಳಿಗಾಗಿ ಅಚ್ಚಾದ ಕೆಂಪು ಪೋಸ್ಟರ್

ಈ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳುವುದು ಕೆಂಪು ಬಣ್ಣದ ವಿಷಯ. ಕಂಪ್ಯೂಟರಿನ ಪರದೆಯಲ್ಲಿ ಕಾಣುವ ಕೆಂಪನ್ನು ನಂಬಬೇಡಿ. ಪರದೆಯಲ್ಲಿ ಅದು ಮದುಮಗಳ ಸೀರೆಯ ಹಾಗೆ ಹೊಳೆಯುತ್ತದೆ, ಕಾಗದಕ್ಕೆ ಇಳಿಯುವಾಗ ಹಳೆ ಹೆಂಚಿನ ಬಣ್ಣವಾಗಿರುತ್ತದೆ. ಗಿರಾಕಿ ಬಂದು ಮುಖ ಕಿವುಚಿದ ಮೇಲೆ ಮಿಶನ್ನನ್ನು ಬೈದು ಪ್ರಯೋಜನವಿಲ್ಲ. ಮೊದಲು ಅಂಗೈ ಅಗಲದ ತುಂಡೊಂದನ್ನು ಅಚ್ಚು ಹಾಕಿ, ಅಂಗಡಿಯಿಂದ ಹೊರಗೆ ಒಯ್ದು ಬಿಸಿಲಿನಲ್ಲಿ ಹಿಡಿದು ನೋಡಬೇಕು. ಬಿಸಿಲಿಗೆ ನಮ್ಮಲ್ಲಿ ಯಾವತ್ತೂ ಬರವಿರಲಿಲ್ಲ.

ನಾನು ದುಡಿದದ್ದು ದುಬೈಯ ಸತ್ವಾದ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ. ಒಂದು ಬದಿಗೆ ದರ್ಜಿ, ಇನ್ನೊಂದು ಬದಿಗೆ ಗ್ಯಾರೇಜು. ನಮ್ಮ ಶಾಯಿಯ ವಾಸನೆಯೂ ಗ್ಯಾರೇಜಿನ ಆಯಿಲ್ ವಾಸನೆಯೂ ಸೇರಿ ಮನೆಗೆ ಹೋದ ಮೇಲೂ ಕೂದಲಲ್ಲಿ ಉಳಿಯುತ್ತಿತ್ತು. ಈಗ ನಿವೃತ್ತಳಾಗಿ ಅಬುಧಾಬಿಯ ಖಾಲಿದಿಯಾದಲ್ಲಿ ಮಗಳ ಮನೆಯಲ್ಲಿ, ಮಗಳ ವೀಸಾದಲ್ಲಿ ಇದ್ದೇನೆ. ನನ್ನ ತಮ್ಮನ ಮಗಳು ಅಕ್ಷತಾ ಇಂಥದ್ದೇ ಕೆಲಸಕ್ಕೆ ಶಾರ್ಜಾದಲ್ಲಿ ಸೇರಿದ್ದಾಳೆ. ಮೊನ್ನೆ ಬಂದವಳು, "ಅತ್ತೆ, ಅಷ್ಟು ವರ್ಷ ಎಂತ ಮಾಡ್ತಿದ್ರಿ ನೀವು? ಟೆಂಪ್ಲೇಟ್ ಉಂಟಲ್ವಾ, ಹೆಸರು ಹಾಕಿದ್ರೆ ಆಯ್ತಲ್ಲ" ಎಂದಳು. ಹೆಸರು ಹಾಕಿದರೆ ಆಯಿತು ಎನ್ನುವ ಆ ಮಾತು ನನಗೆ ತಾಗಿತು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಕೆಂಪು ಪೋಸ್ಟರ್ ನಮ್ಮ ಅಂಗಡಿಗೆ ಬಂದದ್ದು ಒಂದು ಮಗ್‌ನ ಮೇಲೆ. ಜುಮೇರಾದ ಕಡೆಯ ಶಾಲೆಯೊಂದರ ಇಂಗ್ಲಿಷ್ ಟೀಚರಮ್ಮ, ಲಂಡನ್ನಿಂದ ತಂದ ಆ ಮಗ್ಗನ್ನು ಮೇಜಿನ ಮೇಲಿಟ್ಟು, ಹೀಗೇ ಇರುವ ಪೋಸ್ಟರುಗಳು ಬೇಕು, ಸ್ಟಾಫ್ ರೂಮಿಗೆ, ಎಂದರು. ಕೆಂಪು ನೆಲ, ಮೇಲೆ ಒಂದು ಕಿರೀಟ, ಕೆಳಗೆ ಬಿಳಿಯ ದಪ್ಪ ಅಕ್ಷರ: ಕೀಪ್ ಕಾಮ್ ಆ್ಯಂಡ್ ಕ್ಯಾರಿ ಆನ್. ಶಾಂತವಾಗಿರಿ, ಕೆಲಸ ಮುಂದುವರಿಸಿ. ನನಗೆ ಆಗ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬಸ್ಸಿನಲ್ಲಿ ಬರೆದಿರುವ ಸೂಚನೆಯ ಹಾಗೆ ಇತ್ತು.

ಟೀಚರಮ್ಮನೇ ಅದರ ಕತೆ ಹೇಳಿದರು. ಎರಡನೇ ಮಹಾಯುದ್ಧ ಶುರುವಾಗುವಾಗ ಬ್ರಿಟಿಷ್ ಸರಕಾರ ಅದನ್ನು ಲಕ್ಷಗಟ್ಟಲೆ ಅಚ್ಚು ಹಾಕಿಸಿತಂತೆ. ತೀರಾ ಕಷ್ಟದ ದಿನಕ್ಕೆ ಇರಲಿ ಎಂದು ತೆಗೆದಿಟ್ಟರಂತೆ. ಬಾಂಬು ಬಿದ್ದರೂ ಗೋಡೆಗೆ ಬರಲಿಲ್ಲ, ಕೊನೆಗೆ ಹೆಚ್ಚಿನದೆಲ್ಲ ರದ್ದಿಗೆ ಹೋಯಿತು. ಎಷ್ಟೋ ಕಾಲದ ಮೇಲೆ ಒಂದು ಹಳೆ ಪುಸ್ತಕದಂಗಡಿಯವರಿಗೆ ಪೆಟ್ಟಿಗೆಯ ತಳದಲ್ಲಿ ಒಂದು ಪ್ರತಿ ಸಿಕ್ಕಿತು, ಗೋಡೆಗೆ ಹಾಕಿದರು, ನೋಡಿದವರೆಲ್ಲ ನಮಗೂ ಬೇಕೆಂದರು. ಅಚ್ಚಾದ ಕಾಲಕ್ಕೆ ಯಾರೂ ನೋಡದ ಕಾಗದ ಈಗ ಜಗತ್ತಿನ ತುಂಬ. ಮುದ್ರಣದವಳಾಗಿ ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅಷ್ಟು ಒಳ್ಳೆಯ ಕೆಂಪನ್ನು ರದ್ದಿಗೆ ಹಾಕಿದರಲ್ಲ ಎಂದು.

ನಮ್ಮ ಧಣಿ ಹಮೀದ್ ಹಾಜಿಯವರು ಮೂಡುಬಿದಿರೆ ಕಡೆಯ ಬ್ಯಾರಿ. ಗಡ್ಡಕ್ಕೆ ಮೆಹಂದಿ, ಬಾಯಿಗೆ ಬೀಗ, ಸಿಟ್ಟು ಬಂದರೆ ಮಾತ್ರ ಮಾತು. ಅವರು ಪೋಸ್ಟರನ್ನು ದೂರದಿಂದ ನೋಡಿ, "ಶಾಲೆಗೆ ಬೇಕಾದ್ರೆ ಕೊಡು. ನಮ್ಮ ಅಂಗಡಿಯ ಗ್ಲಾಸಿಗೆ ಹಾಕೂದಾದ್ರೆ ಆ ಕಿರೀಟ ತೆಗಿ. ಇಲ್ಲಿ ಬೇರೆ ರಾಜರಿರೂದು, ನಮಗೆ ಎಂತಕ್ಕೆ ಬೇಡದ ಉಸಾಬರಿ" ಎಂದರು. ಕಿರೀಟದ ಜಾಗ ಖಾಲಿ ಬಿಟ್ಟರೆ ತಲೆ ಬೋಳಿಸಿದ ಹಾಗೆ ಕಾಣುತ್ತಿತ್ತು. ನಾನು ಅಲ್ಲಿ ಅರಬರ ಕಾಫಿ ಹೂಜಿಯನ್ನು ಬಿಡಿಸಿದೆ, ಉದ್ದ ಕೊಕ್ಕಿನ ದಲ್ಲಾ. ಆಚೆ ಬದಿಯ ದರ್ಜಿ ಬಂದು ಒಂದು, ಗ್ಯಾರೇಜಿನವರು ಒಂದು ಒಯ್ದರು. ವಾರದೊಳಗೆ ಅದು ಸತ್ವಾ ದಾಟಿತು.

ಆಮೇಲೆ ಕೇಳಬೇಡಿ. ಶಾಂತವಾಗಿರಿ, ಕರಕ್ ಚಹಾ ಕುಡಿಯಿರಿ. ಶಾಂತವಾಗಿರಿ, ಇವತ್ತು ಗುರುವಾರ, ನಾಳೆ ರಜೆ. ಶಾಂತವಾಗಿರಿ, ಶಾರ್ಜಾ ರಸ್ತೆಯ ಟ್ರಾಫಿಕ್ಕಿನಲ್ಲಿದ್ದೀರಿ. ಶಾಂತ ಬೇಡ, ಯಲ್ಲಾ, ಹೊರಡಿ ಎನ್ನಿ. ಬಿರಿಯಾನಿ ಹೋಟೆಲಿನವರು, ಜಿಮ್ಮಿನವರು, ಹಲ್ಲಿನ ಡಾಕ್ಟರು, ಎಲ್ಲರಿಗೂ ಅದೇ ಬೇಕು. ಒಮ್ಮೆ ಫುಟ್ಬಾಲ್ ತಂಡದ ಟೀ ಶರ್ಟುಗಳನ್ನು ನಮ್ಮ ಮಿಶನ್ ಆಪರೇಟರ್ ಉಲ್ಟಾ ಮಾಡುವುದನ್ನು ಮರೆತು ಅಚ್ಚು ಹಾಕಿಬಿಟ್ಟ. ಬಟ್ಟೆಗೆ ಶಾಖ ಕೊಟ್ಟು ಇಳಿಸುವ ಚಿತ್ರವನ್ನು ಕಾಗದದಲ್ಲಿ ಉಲ್ಟಾ ಹಾಕಬೇಕು, ಆಗ ಮಾತ್ರ ಬಟ್ಟೆಯಲ್ಲಿ ನೆಟ್ಟಗೆ ಬರುತ್ತದೆ. ತಂಡದವರು ಕನ್ನಡಿಯಲ್ಲಿ ಮಾತ್ರ ಓದಬಹುದಾದ ಅಂಗಿ ತೊಟ್ಟು ಆಡಿದರು, ಗೆದ್ದರು, ಮರುವರ್ಷವೂ ಹಾಗೆಯೇ ಬೇಕೆಂದು ಬಂದರು. ಇನ್ನೊಮ್ಮೆ ಅದೇ ಇಂಗ್ಲಿಷ್ ಶಾಲೆಯ ಪೋಸ್ಟರುಗಳಿಗೆ ನಾವು ಅಭ್ಯಾಸಬಲದಿಂದ ಕಿರೀಟದ ಬದಲು ಹೂಜಿ ಹಾಕಿ ಕಳಿಸಿದೆವು. ಟೀಚರಮ್ಮ ಫೋನ್ ಮಾಡಿ ನಕ್ಕರು, ಬೈಯಲಿಲ್ಲ. ಹಾಜಿಯವರೇ ಎರಡು ದಿನ ನನ್ನೊಡನೆ ಮಾತು ಬಿಟ್ಟರು.

ಯುದ್ಧಕಾಲದ ಬೇರೆ ಹಳೆ ಪೋಸ್ಟರುಗಳೂ ಬಂದವು. ತೋಳು ಮಡಚಿದ ಹೆಂಗಸು, ಬೆರಳು ತೋರಿಸುವ ಮೀಸೆಯವನು. ಹಾಜಿಯವರಿಗೆ ಮೆಚ್ಚಿಗೆಯಾದದ್ದು ಒಂದೇ: ಯುದ್ಧದ ಸಮಯ ಅಲ್ಲಿ ಇಲ್ಲಿ ಬಾಯಿ ಬಿಡಬೇಡಿ, ಜೀವ ಹೋದೀತು ಎಂದು ಜನರನ್ನು ಎಚ್ಚರಿಸುವ ಚಿತ್ರ. ಅದನ್ನು ಅವರು ಮಿಶನ್ನಿನ ಹತ್ತಿರ ಅಂಟಿಸಿಕೊಂಡರು. ಅವರ ಅಂಗಡಿಯ ಕಾನೂನೂ ಅದೇ ಆಗಿತ್ತು. ಮದುವೆ ಕಾಗದ ಹುಡುಗಿಯ ಮಾವನಿಗಿಂತ ಮೊದಲು ನಮಗೆ ಬರುತ್ತದೆ, ಹೊಸ ಹೋಟೆಲಿನ ಬೋರ್ಡು ಪಕ್ಕದ ಹೋಟೆಲಿನವನಿಗೆ ತಿಳಿಯುವ ಮೊದಲು ನಮಗೆ ಬರುತ್ತದೆ. ಪ್ರೆಸ್ಸಿಗೆ ಬಂದದ್ದು ಪ್ರೆಸ್ಸಿನಿಂದ ಆಚೆ ಹೋಗಬಾರದು. ಈ ಕಾನೂನು ಸರಿಯಾದದ್ದೇ. ಅಕ್ಷತಾ, ನೀನೂ ಪಾಲಿಸು.

ಆದರೆ ಜಬ್ಬಾರ್ ಭಾಯ್ ವಿಷಯದಲ್ಲಿ ಆ ಕಾನೂನು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ಜಬ್ಬಾರ್ ಭಾಯ್ ಭಟ್ಕಳದವರು. ಅಲ್ ಮುರಕ್ಕಬಾತ್‌ನ ಒಂದು ಕಂಪನಿಯಲ್ಲಿ ಚಹಾಪುಡಿಯಿಂದ ವೀಸಾ ಕಾಗದದವರೆಗೆ ಎಲ್ಲವೂ ಅವರ ಕೈಯಲ್ಲೇ. ಅವರ ಊರಿನವರು ಹೆಚ್ಚಿನವರು ಸ್ವಂತ ವ್ಯಾಪಾರದವರು, ಇವರೊಬ್ಬರು ಸಂಬಳದವರು, ಅದನ್ನು ಅವರೇ ಹೇಳಿ ನಗುತ್ತಿದ್ದರು. ನಮ್ಮ ಕಡೆ ಗಲ್ಫಿನಲ್ಲಿ ಒಂದು ಪದ್ಧತಿಯುಂಟು, ಯಾರಾದರೂ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೊರಟರೆ ಆಫೀಸಿನವರು ಸೇರಿ ಒಂದು ಸೆಂಡ್-ಆಫ್ ಕೊಡುವುದು, ಕೇಕ್ ಕತ್ತರಿಸಿ ಒಂದು ಫ್ರೇಮು ಕೊಡುವುದು. ಆ ಕಂಪನಿಯ ಫ್ರೇಮುಗಳನ್ನೆಲ್ಲ ಮಾಡಿಸುತ್ತಿದ್ದವರು ಜಬ್ಬಾರ್ ಭಾಯ್. ಅವುಗಳಿಗೆ ಕೆಂಪು ಪೋಸ್ಟರನ್ನು ತಂದವರೂ ಅವರೇ. ಹೂಜಿಯ ಜಾಗದಲ್ಲಿ ಹೊರಟವರ ಫೋಟೋ, ಕೆಳಗೆ ಒಂದು ತಮಾಷೆ. ಶಾಂತವಾಗಿರಿ, ಇನ್ನು ಊರಿನ ಮೀನು ತಿನ್ನಿ. ಶಾಂತವಾಗಿರಿ, ಇನ್ನು ಅಲಾರಂ ಇಲ್ಲ. ಪ್ರತಿಯೊಬ್ಬರಿಗೂ ಹೊಸ ಸಾಲು ಹುಡುಕುತ್ತಿದ್ದರು. ನನ್ನ ಮೇಜಿನ ಅಂಚಿನಲ್ಲಿ ಕೂತು, "ಸುಮತಿಯಕ್ಕ, ಇವನು ಬಹಳ ಸಿಗರೇಟು ಸೇದ್ತಾನೆ, ಅದರ ಮೇಲೆ ಎಂತಾದ್ರೂ ಮಾಡುವ" ಎಂದು ಗಂಟೆಗಟ್ಟಲೆ ಯೋಚಿಸುತ್ತಿದ್ದರು.

ಅವರ ಹೆಂಡತಿ ಜುಬೈದಾ ಊರಿನಲ್ಲಿ. ಜಬ್ಬಾರ್ ಭಾಯ್ ಇಷ್ಟು ವರ್ಷ ಒಂದು ಕೋಣೆಯಲ್ಲಿ ನಾಲ್ಕು ಜನರ ನಡುವೆ ಒಂದು ಬೆಡ್ ಸ್ಪೇಸಿನಲ್ಲಿ. ಯಾಕೆ ಕರೆಸುವುದಿಲ್ಲ ಎಂದು ಕೇಳಿದರೆ ಯಾವಾಗಲೂ ಒಂದೇ ಉತ್ತರ. "ಅವಳಿಗೆ ವಿಮಾನ ಅಂದ್ರೆ ಹೆದರಿಕೆ. ಲಿಫ್ಟ್ ಅಂದ್ರೆ ಹೆದರಿಕೆ. ಇಲ್ಲಿ ಲಿಫ್ಟ್ ಇಲ್ಲದೆ ಮನೆ ಎಲ್ಲುಂಟು?" ನಾನು ನಂಬಿದ್ದೆ. ಆ ಹೆಂಗಸಿನ ಬಗ್ಗೆ ನನಗೆ ಒಂದು ಚಿತ್ರವೇ ಇತ್ತು, ಲಿಫ್ಟಿನ ಬಾಗಿಲಲ್ಲಿ ಸೆರಗು ಹಿಡಿದು ನಿಂತ ಹಾಗೆ.

ಒಂದು ದಿನ ಅವರು ಅರಳಿದ ಮುಖದಲ್ಲಿ ಬಂದರು. ಅಲ್ ಮುರಕ್ಕಬಾತ್‌ನಲ್ಲೇ ಒಂದು ಬೆಡ್‌ರೂಮಿನ ಮನೆ ಸಿಕ್ಕಿದೆ, ಮೊದಲನೇ ಮಾಳಿಗೆ, ಲಿಫ್ಟ್ ಬೇಡ, ಅಡುಗೆಮನೆಗೆ ಕಿಟಕಿ ಉಂಟು. ಗುರುವಾರ ಸಹಿ. ಜುಬೈದಾಳಿಗೆ ವೀಸಾಕ್ಕೆ ಹಾಕುವುದು. ಆ ಅಡುಗೆಮನೆಯ ಗೋಡೆಗೆ ಒಂದು ಪೋಸ್ಟರ್ ಬೇಕು, ಕೆಂಪಿನಲ್ಲಿ, ಕನ್ನಡದಲ್ಲಿ, ಯಾಕೆಂದರೆ ಅವಳು ಕನ್ನಡ ಶಾಲೆಗೆ ಹೋದವಳು. ಸಾಲು ಅವರೇ ತಂದಿದ್ದರು: ಹೆದರಬೇಡ ಜುಬೈದಾ, ಚಹಾ ಕುಡಿ.

ನಮ್ಮ ಮಿಶನ್ನಿನಿಂದ ಆ ಕೆಂಪಿನ ಮೇಲೆ ಕನ್ನಡ ಬಂದದ್ದು ಅದೇ ಮೊದಲು. ನಾನು ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟೆ. ಮೂರು ಸಲ ಬಿಸಿಲಿಗೆ ಹಿಡಿದು ನೋಡಿದೆ. ಮೇಲೆ ಕಿರೀಟವೂ ಅಲ್ಲ, ಹೂಜಿಯೂ ಅಲ್ಲ, ನಮ್ಮ ಊರಿನ ಚಹಾದ ಗ್ಲಾಸು ಬಿಡಿಸಿದೆ. ಅಚ್ಚು ಹಾಕಿ ಹಗ್ಗಕ್ಕೆ ತೂಗಿಬಿಟ್ಟೆ. ನಮ್ಮಲ್ಲಿ ದೊಡ್ಡ ಪ್ರಿಂಟುಗಳ ಶಾಯಿ ಆರಲು ಅಂಗಡಿಯ ಈ ಗೋಡೆಯಿಂದ ಆ ಗೋಡೆಗೆ ಒಂದು ಹಗ್ಗ ಕಟ್ಟಿತ್ತು. ಸರಿಯಾಗಿ ಆರದೆ ಮೇಲೆ ಪ್ಲಾಸ್ಟಿಕ್ ಪೊರೆ ಅಂಟಿಸಿದರೆ ಗುಳ್ಳೆ ಏಳುತ್ತದೆ. ಬಂದವರಿಗೆಲ್ಲ ಆ ಹಗ್ಗ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಜಬ್ಬಾರ್ ಭಾಯ್ ಕಂಪನಿಯಿಂದಲೇ ಒಂದು ಇ-ಮೇಲ್ ಬಂತು, ಅಲ್ಲಿ ಹೊಸದಾಗಿ ಸೇರಿದ ಒಂದು ಹುಡುಗಿಯಿಂದ. ಸೆಂಡ್-ಆಫ್ ಪೋಸ್ಟರ್ ಬೇಕು, ಎಂದಿನ ಕೆಂಪು, ಮುಂದಿನ ವಾರ. ಜೊತೆಗೆ ಫೋಟೋ. ದಯವಿಟ್ಟು ಅವರಿಗೆ ಹೇಳಬೇಡಿ, ಸರ್ಪ್ರೈಸ್. ಫೋಟೋ ತೆರೆದರೆ ಚಹಾದ ಕಪ್ಪು ಹಿಡಿದು ನಗುತ್ತಿರುವ ಜಬ್ಬಾರ್ ಭಾಯ್. ಸಾಲು: ಶಾಂತವಾಗಿರಿ, ಜಬ್ಬಾರ್ ಊರಿಗೆ ಹೊರಟರು.

ಆ ಸಾಲನ್ನು ಮತ್ತೊಮ್ಮೆ ಓದಿದೆ. ಊರಿಗೆ ಹೊರಡುವ ಮನುಷ್ಯ ಮನೆ ಹಿಡಿಯುತ್ತಾನೆಯೇ? ಕಂಪನಿಯವರು ಅವರನ್ನು ತೆಗೆಯುತ್ತಿದ್ದಾರೆ, ಅವರಿಗೆ ಇನ್ನೂ ಹೇಳಿಲ್ಲ. ಅಷ್ಟರಲ್ಲಿ ಗುರುವಾರ ಬರುತ್ತದೆ. ಇಲ್ಲಿ ಮನೆ ಹಿಡಿಯುವಾಗ ಇಡೀ ವರ್ಷದ ಬಾಡಿಗೆಯ ಚೆಕ್ಕುಗಳನ್ನು ಮೊದಲೇ ಬರೆದುಕೊಡಬೇಕು, ಆಮೇಲೆ ಚೆಕ್ಕು ವಾಪಸಾದರೆ ಆಗ ಜೈಲಿಗೇ ಹೋಗಬೇಕಾಗಿತ್ತು. ನಾನು ಹಾಜಿಯವರನ್ನು ಕರೆದು ಪರದೆ ತೋರಿಸಿದೆ.

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅವನಿಗೆ ಗೊತ್ತುಂಟಾ?"

"ಇಲ್ಲ ಹಾಜಿ. ನಾಡಿದ್ದು ಮನೆಗೆ ಸಹಿ ಮಾಡ್ತಾರೆ."

"ನೀನು ಹೇಳ್ಲಿಕ್ಕಿಲ್ಲ. ನಾನೂ ಹೇಳ್ಲಿಕ್ಕಿಲ್ಲ. ಇವತ್ತು ಒಬ್ಬರದ್ದು ಹೇಳಿದ್ರೆ ನಾಳೆ ನಮ್ಮಲ್ಲಿಗೆ ಯಾರು ಬರ್ತಾರೆ?"

"ಹಾಗಾದ್ರೆ ಆ ಮನುಷ್ಯ ಚೆಕ್ ಬರೆದು ಕೊಡ್ಲಿ. ನಾವು ನೋಡ್ತಾ ಕೂತುಕೊಳ್ಳುವ" ಎಂದೆ. ಧಣಿಗಳೊಡನೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು.

ಅವರು ಮಧ್ಯಾಹ್ನದ ನಮಾಜಿಗೆ ಹೋದರು. ತಿರುಗಿ ಬಂದವರೇ, "ಅದು ಪ್ರಿಂಟ್ ಹಾಕು" ಎಂದರು.

"ಇನ್ನೂ ಸಮಯ ಉಂಟಲ್ಲ, ಮುಂದಿನ ವಾರಕ್ಕೆ."

"ಇವತ್ತೇ ಹಾಕು. ಅವನ ಹೆಂಡ್ತಿದ್ದು ಆರ್ತಾ ಉಂಟಲ್ಲ, ಅದರ ಪಕ್ಕದಲ್ಲಿ ತೂಗು. ಶಾಯಿ ಆರ್ಬೇಕಾ ಬೇಡ್ವಾ? ಹಗ್ಗ ಇರೂದು ಎಂತಕ್ಕೆ? ನಾವು ಯಾರಿಗೂ ಏನೂ ಹೇಳ್ಲಿಲ್ಲ."

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಹಾಜಿಯವರ ಬುದ್ಧಿಗೆ ಆ ದಿನ ನಾನು ಮನಸ್ಸಿನಲ್ಲೇ ಕೈಮುಗಿದೆ. ಆದರೆ ತೂಗಿಸಬೇಕಾದವಳು ನಾನು. ಜುಬೈದಾಳದ್ದರ ಪಕ್ಕದಲ್ಲಿ ಕ್ಲಿಪ್ಪು ಹಾಕಿದೆ. ಎರಡೂ ಒಂದೇ ಅಳತೆ, ಒಂದೇ ಕೆಂಪು. ಒಂದರಲ್ಲಿ ಹೆಂಡತಿಯನ್ನು ಬಾ ಎನ್ನುವ ಗಂಡ, ಇನ್ನೊಂದರಲ್ಲಿ ಅದೇ ಗಂಡನನ್ನು ಹೋಗು ಎನ್ನುವ ಆಫೀಸು.

ಸಂಜೆ ಜಬ್ಬಾರ್ ಭಾಯ್ ಬಂದರು. "ಆರಿತಾ ಸುಮತಿಯಕ್ಕ, ನಮ್ಮ ಬೇಗಂದು?" ಹಗ್ಗದ ಹತ್ತಿರ ಹೋಗಿ ಜುಬೈದಾಳದ್ದನ್ನು ಓದಿ ನಕ್ಕರು, ಚಹಾದ ಗ್ಲಾಸನ್ನು ಹೊಗಳಿದರು. ಆಮೇಲೆ ಕಣ್ಣು ಪಕ್ಕಕ್ಕೆ ಹೋಯಿತು. ಹಾಜಿಯವರು ಒಳಗೆ ರೋಲುಗಳನ್ನು ಎತ್ತಿಡುವ ಹಾಗೆ ಬೆನ್ನು ತಿರುಗಿಸಿ ನಿಂತರು. ನಾನು ಕೀಬೋರ್ಡು ನೋಡುತ್ತ ಕೂತೆ.

ಜಬ್ಬಾರ್ ಭಾಯ್ ಹೇಳಿದ್ದು ಇಷ್ಟು. "ಫೋಟೋ ಸರಿ ಇಲ್ಲ. ಇದು ಪಿಕ್ನಿಕ್‌ದು. ಕಣ್ಣು ಅರ್ಧ ಮುಚ್ಚಿದೆ."

"ಬೇರೆ ಇದ್ರೆ ಕೊಡಿ" ಎಂದೆ.

"ಹೆಸರು ಸ್ವಲ್ಪ ಸಣ್ಣ ಮಾಡಿ. ಅಕ್ಷರ ಬದಿಗೆ ತಾಗ್ತದೆ." ಆಮೇಲೆ, "ನಾನು ಎಷ್ಟು ಜನಕ್ಕೆ ಇದನ್ನು ಕೊಟ್ಟೆ ಅಕ್ಕ. ಎಲ್ರೂ ಖುಷಿಯಲ್ಲಿ ಹೋಗ್ತಾರೆ ಅಂತಲೇ ನಾನು ತಿಳ್ಕೊಂಡದ್ದು. ನಗ್ತಿದ್ರಲ್ಲ" ಎಂದರು. ಹಾಜಿಯವರ ಬೆನ್ನಿಗೆ ಒಂದು ಸಲಾಂ ಹೇಳಿದರು. ಹಾಜಿಯವರು ತಿರುಗದೆಯೇ ಉತ್ತರ ಕೊಟ್ಟರು.

ಹೊರಗೆ ಹೋಗಿ ಅವರು ಮನೆಯ ಬ್ರೋಕರಿಗೆ ಫೋನ್ ಮಾಡುವುದು ಗಾಜಿನಾಚೆ ಕಾಣುತ್ತಿತ್ತು. ಒಳಗೆ ಬಂದ ಮೇಲೆ ಜುಬೈದಾಳ ಪೋಸ್ಟರನ್ನು ಸುತ್ತಿಕೊಡಲೇ ಎಂದು ಕೇಳಿದೆ.

"ಇರ್ಲಿ. ಹಗ್ಗ ಖಾಲಿ ಬೇಕಾದ್ರೆ ತೆಗೆದಿಡಿ. ಮನೆಯದ್ದು ಖಲಾಸ್."

"ಮನೆಯಲ್ಲಿ ಎಂತ ಹೇಳ್ತೀರಿ?"

"ದುಬೈ ನಿನಗೆ ಆಗೂದಿಲ್ಲ, ನಾನೇ ಬರ್ತೇನೆ ಅಂತ. ಹೇಗೂ ಹೆದರ್ತಾಳಲ್ಲ. ಮಾಫಿ ಮುಶ್ಕಿಲ್, ತೊಂದರೆ ಇಲ್ಲ."

ಸೆಂಡ್-ಆಫ್ ಆದ ಮೇಲೆ ಬಿಲ್ಲಿನ ಹಣ ಕೊಡಲು ಬಂದ ಆ ಹೊಸ ಹುಡುಗಿ ಸಂತೋಷದಿಂದ ಹೇಳಿದಳು, ಜಬ್ಬಾರ್ ಭಾಯ್ ಪೋಸ್ಟರ್ ನೋಡಿ ಬಾಯಿಗೆ ಕೈ ಇಟ್ಟು ಬೆರಗಾದರಂತೆ, ಎಲ್ಲರಿಗಿಂತ ಜಾಸ್ತಿ ಅವರೇ ನಕ್ಕರಂತೆ. "ಹಿ ವಾಸ್ ಸೋ ಕಾಮ್" ಎಂದಳು. ಅವಳ ತಪ್ಪೇನಿಲ್ಲ. ಯಾರೋ ಹೇಳಿದ ಕೆಲಸ ಮಾಡಿದ್ದಳು.

ನನಗೆ ಇವತ್ತಿಗೂ ನೋವಾಗುವುದು ಅದಕ್ಕೇ. ಹಗ್ಗಕ್ಕೆ ತೂಗಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಅದರಿಂದ ಆ ಮನುಷ್ಯ ಚೆಕ್ಕಿನ ಕುತ್ತಿನಿಂದ ಪಾರಾದರು. ಆದರೆ ಅಂಥ ಸುದ್ದಿ ಅವರಿಗೆ ಅವರದೇ ತಮಾಷೆಯ ರೂಪದಲ್ಲಿ ಬಂತಲ್ಲ. ಅವರು ಒಂದು ಮೇಜು ಗುದ್ದಲಿಲ್ಲ, ಒಂದು ಬೈಗುಳ ಬೈಯಲಿಲ್ಲ. ಬೈದಿದ್ದರೆ ನಾನೂ ಸೇರಿಕೊಂಡು ಬೈಯುತ್ತಿದ್ದೆ. ಬಾಂಬು ಬೀಳುವಾಗ ಧೈರ್ಯ ಹೇಳಲು ಅಚ್ಚಾದ ಕಾಗದ ಆ ಕಾಲಕ್ಕೆ ಗೋಡೆಗೆ ಬರಲಿಲ್ಲ. ಬಂದಾಗ ನಗೆಯಾಗಿ ಬಂತು, ನಾವೆಲ್ಲ ನಕ್ಕೆವು, ನಗುವ ಗಡಿಬಿಡಿಯಲ್ಲಿ ಯಾರ ತಲೆಯ ಮೇಲೆ ಏನು ಬೀಳುತ್ತಿದೆ ಎಂದು ನೋಡಲಿಲ್ಲ.

ಹಾಜಿಯವರು ಆಮೇಲೆ ಸೆಂಡ್-ಆಫಿಗೆ ಆ ಕೆಂಪು ಬೇಡ ಎಂದು ಹೇಳಿಬಿಟ್ಟರು. ಗಿರಾಕಿಗಳು ಪಕ್ಕದ ಬೀದಿಗೆ ಹೋದರು, ಹೋಗಲಿ ಎಂದರು. ಕೆಲವು ವರ್ಷಗಳಲ್ಲಿ ಆ ಹುಚ್ಚೂ ಇಳಿಯಿತು. ರಿಯಾಯಿತಿ ಅಂಗಡಿಗಳ ತೊಟ್ಟಿಯಲ್ಲಿ ಆ ಮಗ್ಗುಗಳು ರಾಶಿ ಬಿದ್ದವು. ಹಾಜಿಯವರು ಊರಿಗೆ ಹೋದರು, ಹೊಸ ಮಿಶನ್ ಬಂತು, ಅದರ ಶಾಯಿ ಅಚ್ಚಾಗುವಾಗಲೇ ಬೆಳಕಿನಲ್ಲಿ ಒಣಗುತ್ತದೆ. ಹಗ್ಗ ಬಿಚ್ಚಿದರು. ಈಗ ಖಾಲಿದಿಯಾದಲ್ಲಿ ನನ್ನ ಮೊಮ್ಮಗಳು ಫೋನಿನಲ್ಲಿ ಎರಡು ಸಲ ಒತ್ತಿ ಅಂಥ ಪೋಸ್ಟರ್ ಮಾಡಿ, "ಅಜ್ಜಿ, ಲುಕ್" ಎನ್ನುತ್ತಾಳೆ. ಚೆನ್ನಾಗಿಯೇ ಇರುತ್ತದೆ. ಕೆಂಪೂ ಕೆಡುವುದಿಲ್ಲ.

ಅಂಗಡಿ ಬಿಡುವ ದಿನ ನಾನು ಕೇಳಿ ತಂದುಕೊಂಡದ್ದು ಜುಬೈದಾಳ ಪೋಸ್ಟರ್ ಒಂದೇ. ಕೊಳವೆಯಲ್ಲಿ ಸುತ್ತಿ ಕಪಾಟಿನ ಹಿಂದೆ ಇಟ್ಟಿದ್ದೆ. ಹೋದ ವರ್ಷ ಸತ್ವಾದ ಬಟ್ಟೆ ಅಂಗಡಿಯ ಭಟ್ಕಳದವರೊಬ್ಬರು ಫೋನಿನಲ್ಲಿ ಅದೂ ಇದೂ ಹೇಳುತ್ತ, ಜಬ್ಬಾರ್ ಭಾಯ್ ತೀರಿಕೊಂಡರು ಎಂದರು. ಬಟ್ಟೆ ಅಂಗಡಿಯವರು ರಜೆಗೆ ಊರಿಗೆ ಹೊರಟಿದ್ದರು. ನನಗೆ ಇಟ್ಟುಕೊಳ್ಳಲು ಮನಸ್ಸಾಗಲಿಲ್ಲ. ಜುಬೈದಾಳಿಗೆ ಕೊಡಿ ಎಂದು ಆ ಕೊಳವೆಯನ್ನು ಅವರ ಕೈಯಲ್ಲಿ ಕಳಿಸಿಕೊಟ್ಟೆ, ನನ್ನ ನಂಬರನ್ನೂ ಕೊಟ್ಟೆ.

ವಾಟ್ಸಾಪಿನಲ್ಲಿ ಒಂದು ಧ್ವನಿ ಬಂತು. ಗಟ್ಟಿಯಾದ ಹೆಂಗಸಿನ ಧ್ವನಿ. "ಸುಮತಿಯಕ್ಕ, ನಾನು ಜುಬೈದಾ ಮಾತಾಡೂದು. ನೀವು ಕಳಿಸಿದ್ದು ಸಿಕ್ತು. ಬಣ್ಣ ಚಲೋ ಉಂಟು. ಅಡುಗೆಮನೇಲಿ ಹಾಕಿದ್ದೇನೆ. ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಇದರಲ್ಲಿ ಹೆದರಬೇಡ ಅಂತ ಯಾಕೆ ಬರೆಸಿದ್ರು? ನಾನು ಯಾವಾಗ ಹೆದರಿದ್ದೆ? ಆ ವರ್ಷ ನಾನು ಬ್ಯಾಗ್ ಕಟ್ಟಿ, ಬೀಗ ಹಾಕಿ, ಮಂಚದ ಕೆಳಗೆ ಇಟ್ಟಿದ್ದೆ. ಬರಬೇಡ ಅಂದ್ರು. ಯಾಕೆ ಅಂತ ಹೇಳ್ಲೇ ಇಲ್ಲ. ಅವರ ಕೆಲಸ ಹೋಗಿತ್ತಾ?"

ಅದನ್ನು ನಾನು ಮತ್ತೆ ಮತ್ತೆ ಕೇಳಿದೆ. ಪ್ರೆಸ್ಸಿಗೆ ಬಂದದ್ದು ಆಚೆ ಹೋಗಬಾರದು. ಆದರೆ ಹಾಜಿಯವರಿಲ್ಲ, ಹಗ್ಗವಿಲ್ಲ, ತೂಗಿಸಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ನಾನೇ ಫೋನ್ ಮಾಡಿ, ಹೌದು, ಹೋಗಿತ್ತು ಎಂದೆ. ಎರಡು ಪೋಸ್ಟರುಗಳ ಕತೆಯನ್ನೂ ಹೇಳಿದೆ.

ಆಚೆಯಿಂದ ಪಾತ್ರೆ ಇಟ್ಟ ಸದ್ದು ಕೇಳಿತು.

"ಅಷ್ಟೇನಾ?" ಎಂದಳು ಜುಬೈದಾ. "ಹೆದರಿದ್ದು ಅವರು ಅಕ್ಕ, ನಾನಲ್ಲ. ಒಂದು ಮಾತು ಹೇಳಿದ್ರೆ, ಚಹಾ ನಾನೇ ಮಾಡಿ ಕೊಡ್ತಿದ್ದೆ."